ಬೆನ್ನೆಲುಬನ್ನು ಎಣಿಸುವ ಗಡಿಯಾರ

ಎಣ್ಣೆನೀರಿನ ದಿನ ಅಜ್ಜಿಯರು ಕಾಲು ನೀಡಿ ಕುಳಿತು, ಎಳೆಯ ಮಗುವನ್ನು ಕಾಲುಗಳ ಮೇಲೆ ಕವುಚಿ ಮಲಗಿಸಿಕೊಂಡು, ಅದರ ಬೆನ್ನಿಗೆ ಎಣ್ಣೆ ತಿಕ್ಕುವುದನ್ನು ನಾವೆಲ್ಲರೂ ಕಂಡಿದ್ದೇವೆ. ಕತ್ತಿನಿಂದ ಕೆಳಕ್ಕೆ ಹೆಬ್ಬೆರಳು ಜಾರುತ್ತಿದ್ದಂತೆ ಅದರ ಅಡಿಯಲ್ಲಿ ಒಂದಾದ ಮೇಲೊಂದು ಪುಟ್ಟ ಗಂಟುಗಳು ಸಿಗುತ್ತವೆ. ಅವು ಮಣಿ ಪೋಣಿಸಿದಂತೆ ಕ್ರಮವಾಗಿವೆ, ಎಡಬಲಗಳಲ್ಲಿ ಹೆಚ್ಚುಕಡಮೆಯಿಲ್ಲ. ಅನುಭವಸ್ಥೆಯಾದ ಅಜ್ಜಿಯ ಬೆರಳು ಎಲ್ಲಿಯಾದರೂ ತಡೆದು ನಿಂತಿತೆಂದರೆ ಮನೆಯವರ ಎದೆ ಧಸಕ್ಕೆನ್ನುತ್ತದೆ. ಮಗುವಿನ ಬೆನ್ನು ಓರೆಯಾಗಿದೆಯೇ ಎಂಬ ಪ್ರಶ್ನೆ ಮೊದಲು ಹುಟ್ಟುತ್ತದೆ. ಅದರ ಹಿಂದೆಯೇ, ಬಸಿರಿನಲ್ಲಿ ತಾಯಿ ಏನು ಮಾಡಿದ್ದಳು ಎಂಬ ಇನ್ನೊಂದು ಪ್ರಶ್ನೆಯೂ ಹುಟ್ಟುತ್ತದೆ. ಗ್ರಹಣದ ದಿನ ಅಂಗಳಕ್ಕೆ ಇಳಿದಿದ್ದಳೆ, ಕತ್ತಿ ಹಿಡಿದು ತರಕಾರಿ ಹೆಚ್ಚಿದ್ದಳೆ, ಕೊಡ ಹೊತ್ತಿದ್ದಳೆ ಎಂದು ವಿಚಾರಣೆ ನಡೆಯುತ್ತದೆ.

ಈ ಎರಡನೆಯ ಪ್ರಶ್ನೆ ಎಷ್ಟೋ ತಾಯಂದಿರನ್ನು ಜೀವಮಾನವಿಡೀ ಸುಟ್ಟಿದೆ. ಅದಕ್ಕೆ ನೇರವಾದ ಉತ್ತರ ಕೊಡಬೇಕಾದರೆ, ಬೆನ್ನೆಲುಬು ಯಾವಾಗ, ಯಾವ ಏರ್ಪಾಟಿನಿಂದ ಇಷ್ಟು ಕ್ರಮಬದ್ಧವಾದ ತುಂಡುಗಳಾಗಿ ರೂಪುಗೊಳ್ಳುತ್ತದೆ ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ. ಜೀವಶಾಸ್ತ್ರಜ್ಞರು ಈ ಒಗಟನ್ನು ಬಹುಮಟ್ಟಿಗೆ ಬಿಡಿಸಿದ್ದಾರೆ. ಆ ಕಥೆಯನ್ನು ನಮ್ಮ ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಎರಡು ಸಾಲು ಇಟ್ಟಿಗೆಗಳು

ಕೋಳಿ ಕಾವಿಗೆ ಕುಳಿತು ಒಂದು ಹಗಲು, ಒಂದು ರಾತ್ರಿ ಕಳೆದ ಮೇಲೆ ಮೊಟ್ಟೆಯೊಳಗಿನ ಭ್ರೂಣವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಹಳದಿಯ ಮೇಲೆ ತೇಲುವ ಒಂದು ಬಿಳಿಯ ಗೆರೆಯಂತೆ ಅದು ಕಾಣುತ್ತದೆ. ನಡುವೆ ಉದ್ದಕ್ಕೂ ಒಂದು ಕಾಲುವೆ. ಅದು ಮುಚ್ಚಿಕೊಂಡು ನಳಿಕೆಯಾಗಿ, ಮುಂದೆ ಮೆದುಳು ಮತ್ತು ಬೆನ್ನುಹುರಿಯಾಗುತ್ತದೆ. ಅದರ ಎರಡು ಮಗ್ಗುಲಲ್ಲಿ ಮೆತ್ತನೆಯ ಜೀವಕೋಶಗಳ ಎರಡು ಪಟ್ಟಿಗಳಿವೆ. ಈ ಪಟ್ಟಿಗಳ ಮುಂತುದಿಯಿಂದ, ಹಸಿ ಮಣ್ಣಿನಿಂದ ಇಟ್ಟಿಗೆ ಕೊಯ್ದಂತೆ, ಜೋಡಿ ಜೋಡಿಯಾಗಿ ತುಂಡುಗಳು ಬಿಡಿಸಿಕೊಳ್ಳತೊಡಗುತ್ತವೆ. ಎಡಕ್ಕೊಂದು, ಬಲಕ್ಕೊಂದು; ಅದರ ಹಿಂದೆ ಇನ್ನೊಂದು ಜೋಡಿ; ಹೀಗೆ ತಲೆಯ ಕಡೆಯಿಂದ ಬಾಲದ ಕಡೆಗೆ ಸಾಲು ಬೆಳೆಯುತ್ತದೆ. ಎರಡನೆಯ ದಿನ ಮುಗಿಯುವ ಹೊತ್ತಿಗೆ ಜೋಡಿಗಳ ಸಂಖ್ಯೆ ಇಪ್ಪತ್ತನ್ನು ಸಮೀಪಿಸಿರುತ್ತದೆ. ಹದಿನೇಳನೆಯ ಶತಮಾನದಲ್ಲಿಯೇ ಇಟಲಿಯ ಮಾರ್ಚೆಲ್ಲೊ ಮಾಲ್ಪೀಘಿ ಎಂಬ ವೈದ್ಯ ತನ್ನ ಸರಳ ಸೂಕ್ಷ್ಮದರ್ಶಕದಿಂದ ಇವನ್ನು ಕಂಡು ಚಿತ್ರ ಬರೆದಿಟ್ಟಿದ್ದ. ವಿಜ್ಞಾನಿಗಳು ಇವುಗಳಿಗೆ ಸೋಮೈಟ್ ಎನ್ನುತ್ತಾರೆ. ನಾವು ಕಾಯಖಂಡ ಎಂದು ಕರೆಯೋಣ.

ಕಶೇರುಮಣಿಗಳು, ಪಕ್ಕೆಲುಬುಗಳು, ಬೆನ್ನಿನ ಮತ್ತು ಕೈಕಾಲುಗಳ ಸ್ನಾಯುಗಳು, ಬೆನ್ನಿನ ಒಳಚರ್ಮ ಇವೆಲ್ಲವೂ ಈ ಖಂಡಗಳಿಂದಲೇ ಹುಟ್ಟುತ್ತವೆ. ಮೀನು ತಿನ್ನುವ ಮನೆಗಳಲ್ಲಿ ಇದರ ಸಾಕ್ಷ್ಯ ಊಟದ ಬಟ್ಟಲಲ್ಲೇ ಇದೆ. ಬೆಂದ ಬಂಗುಡೆಯ ಮಾಂಸವನ್ನು ಬೆರಳಿನಿಂದ ಬಿಡಿಸಿದರೆ ಅದು ಪದರಪದರವಾಗಿ ಕಳಚಿ ಬರುತ್ತದೆಯಲ್ಲವೆ? ಒಂದೊಂದು ಪದರವೂ ಒಂದಾನೊಂದು ಕಾಲದಲ್ಲಿ ಒಂದೊಂದು ಕಾಯಖಂಡವಾಗಿತ್ತು.

ಮೀನು, ಕಪ್ಪೆ, ಹಾವು, ಹಕ್ಕಿ, ಮನುಷ್ಯ, ಹೀಗೆ ಬೆನ್ನೆಲುಬುಳ್ಳ ಪ್ರಾಣಿಗಳಿಗೆಲ್ಲ ಏರ್ಪಾಟು ಒಂದೇ. ಬೇರೆಯಾಗಿರುವುದು ಲೆಕ್ಕ ಮತ್ತು ವೇಗ. ಜೀಬ್ರಾ ಮೀನಿನ ಭ್ರೂಣದಲ್ಲಿ ಸುಮಾರು 30 ನಿಮಿಷಕ್ಕೊಮ್ಮೆ, ಕೋಳಿಯಲ್ಲಿ 90 ನಿಮಿಷಕ್ಕೊಮ್ಮೆ, ಇಲಿಯಲ್ಲಿ ಸುಮಾರು 2 ಗಂಟೆಗೊಮ್ಮೆ ಒಂದು ಜೋಡಿ ಖಂಡ ಹುಟ್ಟುತ್ತದೆ. ಮನುಷ್ಯನಲ್ಲಿ ಒಟ್ಟು 42ರಿಂದ 44 ಜೋಡಿಗಳು ತೋರಿ, ಮೊದಲಿನ ಕೆಲವು ತಲೆಬುರುಡೆಯ ಬುಡದಲ್ಲಿ ಸೇರಿಹೋಗಿ, ಬಾಲದ ತುದಿಯ ಕೆಲವು ಕರಗಿ, ಉಳಿದವು ಬೆನ್ನೆಲುಬಾಗುತ್ತವೆ. ಒಂದು ಜಾತಿಯ ಪ್ರಾಣಿಯಲ್ಲಿ ಈ ಲೆಕ್ಕ ತಪ್ಪುವುದು ಅಪರೂಪ. ಕಣ್ಣಿಲ್ಲದ, ಕೈಯಿಲ್ಲದ, ಅಳತೆಗೋಲಿಲ್ಲದ ಜೀವಕೋಶಗಳು ಹೀಗೆ ಎಣಿಸುವುದಾದರೂ ಹೇಗೆ?

ಡೋಲು ಮತ್ತು ನಡಿಗೆ

1970ರ ದಶಕದಲ್ಲಿ ಜೊನಾಥನ್ ಕುಕ್ ಎಂಬ ವಿಜ್ಞಾನಿ ಆಫ್ರಿಕದ ಕ್ಸೆನೊಪಸ್ ಕಪ್ಪೆಯ ಎಳೆಯ ಭ್ರೂಣಗಳಿಂದ ಒಂದಷ್ಟು ಜೀವಕೋಶಗಳನ್ನು ತೆಗೆದುಬಿಟ್ಟು ನೋಡಿದರು. ಭ್ರೂಣ ಗಿಡ್ಡವಾಯಿತು, ಆದರೆ ಖಂಡಗಳ ಸಂಖ್ಯೆ ಕಡಮೆಯಾಗಲಿಲ್ಲ. ಒಂದೊಂದು ಖಂಡವೂ ತಾನು ಚಿಕ್ಕದಾಗಿ, ಲೆಕ್ಕವನ್ನು ಸರಿದೂಗಿಸಿತು. ಅಂದಮೇಲೆ ಜೀವಕೋಶಗಳು ಉದ್ದವನ್ನು ಅಳೆಯುತ್ತಿಲ್ಲ ಎಂದಾಯಿತು. ಹಾಗಾದರೆ ಅವು ಅಳೆಯುತ್ತಿರುವುದು ಏನನ್ನು?

ಕುಕ್ ಅವರು ವಾರಿಕ್ ವಿಶ್ವವಿದ್ಯಾಲಯದ ಗಣಿತಜ್ಞ ಕ್ರಿಸ್ಟೋಫರ್ ಜೀಮನ್ ಅವರೊಡನೆ ಕುಳಿತು ಯೋಚಿಸಿ, 1976ರಲ್ಲಿ ಒಂದು ಊಹೆಯನ್ನು ಪ್ರಕಟಿಸಿದರು. ಜೀವಕೋಶಗಳು ಅಳೆಯುವುದು ಕಾಲವನ್ನು ಎಂಬುದೇ ಆ ಊಹೆ. ಅದನ್ನು ನಮ್ಮ ತೋಟದ ಭಾಷೆಯಲ್ಲಿ ಹೀಗೆ ಹೇಳಬಹುದು. ಒಬ್ಬ ಡೋಲು ಬಾರಿಸುತ್ತಿದ್ದಾನೆ. ಇನ್ನೊಬ್ಬ ಅಡಕೆ ಸಸಿಗಳ ಹೊರೆ ಹೊತ್ತು, ಒಂದೇ ವೇಗದಲ್ಲಿ ನೇರವಾಗಿ ನಡೆಯುತ್ತಿದ್ದಾನೆ. ಡೋಲಿನ ಪೆಟ್ಟು ಕೇಳಿದಾಗಲೆಲ್ಲ ಅವನು ನಿಂತ ಜಾಗದಲ್ಲಿ ಒಂದು ಸಸಿ ನೆಡಬೇಕು. ಅವನ ಕೈಯಲ್ಲಿ ಅಳತೆಯ ಹಗ್ಗವಿಲ್ಲ. ಆದರೂ ಸಸಿಗಳು ಸಮಾನ ಅಂತರದಲ್ಲಿ ನಿಲ್ಲುತ್ತವೆ. ನಡಿಗೆ ನಿಧಾನವಾದರೆ ಸಸಿಗಳು ಒತ್ತಾಗುತ್ತವೆ; ಡೋಲು ನಿಧಾನವಾದರೆ ವಿರಳವಾಗುತ್ತವೆ. ಭ್ರೂಣದ ಪಟ್ಟಿಯಲ್ಲಿಯೂ ಹೀಗೆ ಪ್ರತಿಯೊಂದು ಜೀವಕೋಶದೊಳಗೆ ಬಾರಿಸುವ ಒಂದು ಡೋಲು, ಅಂದರೆ ಗಡಿಯಾರ, ಮತ್ತು ತಲೆಯಿಂದ ಬಾಲದ ಕಡೆಗೆ ಸರಿಯುವ ಒಂದು ಅಲೆಯ ಅಂಚು ಇರಬೇಕು ಎಂದು ಅವರು ತರ್ಕಿಸಿದರು.

ಊಹೆ ಸೊಗಸಾಗಿತ್ತು. ಆದರೆ ಗಡಿಯಾರವನ್ನು ಕಣ್ಣಾರೆ ಕಂಡವರಿರಲಿಲ್ಲ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಅದು ಕಾಗದದ ಮೇಲಿನ ಗಡಿಯಾರವಾಗಿಯೇ ಉಳಿಯಿತು.

ಗಡಿಯಾರ ಕಂಡ ಬಗೆ

1997ರಲ್ಲಿ ಫ್ರಾನ್ಸಿನ ಮಾರ್ಸೇ ನಗರದಲ್ಲಿ ಇಸಬೆಲ್ ಪಾಲ್ಮೆಯ್ರಿಂ, ಒಲಿವಿಯೇ ಪೂರ್ಕ್ಯೇ ಮತ್ತು ಅವರ ಜೊತೆಗಾರರು ಕೋಳಿಯ ಭ್ರೂಣದಲ್ಲಿ ಒಂದು ವಂಶವಾಹಿಯನ್ನು, ಅಂದರೆ ಜೀನನ್ನು, ಪರೀಕ್ಷಿಸುತ್ತಿದ್ದರು. ಖಂಡವಾಗದೆ ಉಳಿದ ಪಟ್ಟಿಯಲ್ಲಿ ಈ ಜೀನು ಕೆಲಸಮಾಡುತ್ತಿರುವ ಜಾಗ ಒಂದೊಂದು ಭ್ರೂಣದಲ್ಲಿ ಒಂದೊಂದು ರೀತಿಯಾಗಿತ್ತು. ಒಂದರಲ್ಲಿ ಬಾಲದ ಕಡೆ ಅಗಲವಾಗಿ, ಇನ್ನೊಂದರಲ್ಲಿ ನಡುವೆ, ಮತ್ತೊಂದರಲ್ಲಿ ಮುಂಭಾಗದಲ್ಲಿ ಕಿರಿದಾದ ಪಟ್ಟೆಯಾಗಿ ಅದು ಕಾಣಿಸಿತು.

ಆಗ ಅವರು ಒಂದು ಸರಳವಾದ ಉಪಾಯ ಹೂಡಿದರು. ಭ್ರೂಣದ ಹಿಂಭಾಗವನ್ನು ನಡುಗೆರೆಯಲ್ಲಿ ಉದ್ದಕ್ಕೆ ಸೀಳಿ ಎಡಬಲ ಎರಡು ಭಾಗ ಮಾಡಿದರು. ಒಂದನ್ನು ಆ ಕ್ಷಣದಲ್ಲಿಯೇ ಸ್ಥಿರಗೊಳಿಸಿದರು. ಇನ್ನೊಂದನ್ನು ಪೋಷಕದ್ರವದಲ್ಲಿ ಬೆಚ್ಚಗಿಟ್ಟು ಕೆಲವು ಹೊತ್ತು ಬದುಕಗೊಟ್ಟರು. ಆಮೇಲೆ ಎರಡನ್ನೂ ಹೋಲಿಸಿದರು. ಸ್ವಲ್ಪ ಹೊತ್ತು ಬದುಕಿದ ಭಾಗದಲ್ಲಿ ಪಟ್ಟೆ ಮುಂದಕ್ಕೆ ಸರಿದಿತ್ತು. ಸರಿಯಾಗಿ 90 ನಿಮಿಷ ಕಳೆದಾಗ ಮತ್ತೆ ಮೊದಲಿನ ಚಿತ್ರವೇ ಕಾಣಿಸಿತು. ಒಂದು ಖಂಡ ಹುಟ್ಟುವುದಕ್ಕೆ ಹಿಡಿಯುವ ಕಾಲವೂ 90 ನಿಮಿಷ! ಜೀನು ತೆರೆದು ಮುಚ್ಚಿ, ಮತ್ತೆ ತೆರೆದು ಮುಚ್ಚಿ, ಗಡಿಯಾರದ ಲೋಲಕದಂತೆ ಆಡುತ್ತಿತ್ತು. ಜೀವಕೋಶಗಳು ಎಲ್ಲಿಗೂ ಚಲಿಸುತ್ತಿರಲಿಲ್ಲ. ಗಾಳಿ ಬೀಸಿದಾಗ ಗದ್ದೆಯ ಪೈರು ನಿಂತಲ್ಲೇ ಬಾಗಿ ಏಳುತ್ತ ಅಲೆಯನ್ನು ಸಾಗಿಸುವಂತೆ, ಅವು ನಿಂತಲ್ಲೇ ಸರದಿಯಂತೆ ಬೆಳಗಿ ಆರುತ್ತಿದ್ದವು. ಒಂದು ಜೀವಕೋಶ ಪಟ್ಟಿಗೆ ಸೇರಿದಾಗಿನಿಂದ ಖಂಡವಾಗುವವರೆಗೆ ಸುಮಾರು 12 ಬಾರಿ ಹೀಗೆ ಮಿಡಿಯುತ್ತದೆ.

ಈ ಮಿಡಿತದ ಯಂತ್ರ ಯಾವುದು? ಸೌದೆ ಒಲೆಯ ಮೇಲೆ ಅನ್ನದ ತಪ್ಪಲೆ ಇಟ್ಟವರಿಗೆ ಅದು ಸುಲಭವಾಗಿ ತಿಳಿಯುತ್ತದೆ. ಬೆಂಕಿ ಜೋರಾದಾಗ ಗಂಜಿ ಉಕ್ಕಿ ಒಲೆಗೆ ಚೆಲ್ಲುತ್ತದೆ. ಚೆಲ್ಲಿದ ಗಂಜಿಯಿಂದ ಬೆಂಕಿ ತಗ್ಗುತ್ತದೆ. ಬೆಂಕಿ ತಗ್ಗಿದ್ದರಿಂದ ಉಕ್ಕು ಇಳಿಯುತ್ತದೆ. ಸ್ವಲ್ಪ ಹೊತ್ತಿನಲ್ಲಿ ಸೌದೆ ಆರಿಕೊಂಡು ಮತ್ತೆ ಹತ್ತುತ್ತದೆ, ಗಂಜಿ ಮತ್ತೆ ಉಕ್ಕುತ್ತದೆ. ಗಡಿಯಾರದ ಜೀನು ಒಂದು ಪ್ರೋಟೀನನ್ನು ತಯಾರಿಸುತ್ತದೆ. ಆ ಪ್ರೋಟೀನು ಹಿಂದಿರುಗಿ ಬಂದು ತನ್ನನ್ನು ಹುಟ್ಟಿಸಿದ ಜೀನನ್ನೇ ಮುಚ್ಚಿಬಿಡುತ್ತದೆ. ಇದ್ದ ಪ್ರೋಟೀನು ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ತಡೆಯುವವರಿಲ್ಲದೆ ಜೀನು ಮತ್ತೆ ತೆರೆಯುತ್ತದೆ. ಲಂಡನ್ನಿನ ಜೂಲಿಯನ್ ಲೂಯಿಸ್ 2003ರಲ್ಲಿ ಲೆಕ್ಕ ಹಾಕಿ, ಇದಕ್ಕೆ ಬೇಕಾದ ಮುಖ್ಯ ವಸ್ತು ‘ತಡ’ ಎಂದು ತೋರಿಸಿದರು. ಆಜ್ಞೆ ಹೊರಟು ಪ್ರೋಟೀನು ಸಿದ್ಧವಾಗುವವರೆಗಿನ ಸಾವಕಾಶವೇ ಲೋಲಕವನ್ನು ಆಡಿಸುತ್ತದೆ. ಜಪಾನಿನ ಕಾಗೆಯಾಮ ಅವರ ತಂಡ ಇಲಿಯಲ್ಲಿ ಇದನ್ನು ಪರೀಕ್ಷಿಸಿತು. ಹೆಸ್7 ಎಂಬ ಗಡಿಯಾರ ಜೀನಿನ ನಡುನಡುವೆ ಪ್ರೋಟೀನಿಗೆ ಬೇಡವಾದ ತುಣುಕುಗಳಿವೆ. ಅವನ್ನು ಕತ್ತರಿಸಿ ತೆಗೆಯುವುದಕ್ಕೆ ಜೀವಕೋಶಕ್ಕೆ ಹೊತ್ತು ಹಿಡಿಯುತ್ತದೆ. ವಿಜ್ಞಾನಿಗಳು ಆ ತುಣುಕುಗಳನ್ನೆಲ್ಲ ಮೊದಲೇ ತೆಗೆದುಬಿಟ್ಟಾಗ ತಡ ಕಡಮೆಯಾಯಿತು, ಮಿಡಿತ ನಿಂತೇಹೋಯಿತು; ಮರಿಗಳ ಕಶೇರುಮಣಿಗಳೂ ಪಕ್ಕೆಲುಬುಗಳೂ ಒಂದಕ್ಕೊಂದು ಬೆಸೆದುಕೊಂಡವು. ಬೇಡವೆಂದು ತೋರುವ ತುಣುಕೂ ಕಾಲವನ್ನು ಕಾಯುತ್ತಿತ್ತು.

ನೆರೆಯವರ ಮಾತು, ಬಾಲದ ಸಂದೇಶ

ಒಂದೊಂದು ಜೀವಕೋಶಕ್ಕೂ ಒಂದೊಂದು ಗಡಿಯಾರವಿದ್ದರೆ ಸಾಲದು. ಅವೆಲ್ಲವೂ ಒಂದೇ ತಾಳದಲ್ಲಿ ನಡೆಯಬೇಕು. ಭಜನೆಯಲ್ಲಿ ಪ್ರತಿಯೊಬ್ಬನ ತಾಳವೂ ಅವನವನ ಕೈಯಲ್ಲಿದೆ. ಆದರೂ ಪಕ್ಕದವನನ್ನು ಕೇಳುತ್ತ ಕೇಳುತ್ತ ಎಲ್ಲರೂ ಕೂಡಿ ನಡೆಯುತ್ತಾರೆ. ಕಿವಿ ಮುಚ್ಚಿಕೊಂಡು ಹಾಡಿದರೆ ಮೊದಲ ನಾಲ್ಕು ಆವರ್ತನ ಸರಿಹೋದೀತು. ಆಮೇಲೆ ಒಬ್ಬನದು ಏರಿ, ಇನ್ನೊಬ್ಬನದು ಎಳೆದು, ಗದ್ದಲವಾಗುತ್ತದೆ. ಜೀವಕೋಶಗಳಿಗೆ ಕಿವಿಯಾಗಿರುವುದು ‘ನಾಚ್’ ಎಂಬ ಪ್ರೋಟೀನು; ನಾಲಗೆಯಾಗಿರುವುದು ‘ಡೆಲ್ಟಾ’ ಎಂಬ ಪ್ರೋಟೀನು. ಎರಡೂ ಜೀವಕೋಶದ ಹೊರಮೈಯಲ್ಲಿ ನೆಟ್ಟಿರುವುದರಿಂದ, ಮೈಗೆ ಮೈ ತಾಗಿದ ನೆರೆಯವರಿಗಷ್ಟೇ ಮಾತು ತಲಪುತ್ತದೆ. ನಾಚ್ ಎಂಬ ಹೆಸರು ಬಂದದ್ದು ಸುಮಾರು ನೂರು ವರ್ಷಗಳ ಹಿಂದೆ ಅಮೆರಿಕದಲ್ಲಿ ಹಣ್ಣುನೊಣಗಳ ಮೇಲೆ ನಡೆದ ಸಂಶೋಧನೆಯಿಂದ. ಈ ಜೀನು ಕೆಟ್ಟ ನೊಣಗಳ ರೆಕ್ಕೆಯ ಅಂಚು ಕಚ್ಚು ಬಿದ್ದಂತೆ ಇರುತ್ತಿತ್ತು. ಜೀಬ್ರಾ ಮೀನಿನಲ್ಲಿ ಈ ಮಾತುಕತೆ ಕೆಟ್ಟರೆ ಮೊದಲ ಕೆಲವು ಖಂಡಗಳು ಚೆನ್ನಾಗಿಯೇ ಹುಟ್ಟಿ, ಹಿಂದಿನವೆಲ್ಲ ಅಡ್ಡಾದಿಡ್ಡಿಯಾಗುತ್ತವೆ. ಕಿವಿ ಮುಚ್ಚಿದ ಭಜನೆಯ ಗತಿಯೇ ಅದಕ್ಕೂ ಬರುತ್ತದೆ.

ಇನ್ನು ಸಸಿ ನೆಡುವವನ ನಡಿಗೆ. ಭ್ರೂಣವು ಬಾಲದ ತುದಿಯಲ್ಲಿ ಬೆಳೆಯುತ್ತಲೇ ಇರುತ್ತದೆ. ಅಲ್ಲಿ ಎಫ್.ಜಿ.ಎಫ್. ಎಂಬ ಪ್ರೋಟೀನಿಗೆ ಬೇಕಾದ ಆಜ್ಞಾಪತ್ರಗಳು ತಯಾರಾಗುತ್ತವೆ. ಬಾಲವು ಮುಂದುವರಿದಂತೆಲ್ಲ ಹಿಂದೆ ಉಳಿದ ಜೀವಕೋಶಗಳು ಹೊಸ ಪತ್ರಗಳನ್ನು ತಯಾರಿಸಲಾರವು. ಇದ್ದದ್ದು ಕ್ರಮೇಣ ಸವೆಯುತ್ತದೆ. ಒಲೆಯಿಂದ ಇಳಿಸಿದ ಪಾತ್ರೆಗಳನ್ನು ಸಾಲಾಗಿ ಇಟ್ಟರೆ ಮೊದಲು ಇಳಿಸಿದ್ದು ತಣ್ಣಗೆ, ಕೊನೆಯದು ಬಿಸಿಯಾಗಿ ಇರುವುದಿಲ್ಲವೆ? ಹಾಗೆಯೇ ಪಟ್ಟಿಯ ಬಾಲದ ತುದಿಯಲ್ಲಿ ಎಫ್.ಜಿ.ಎಫ್. ಹೆಚ್ಚು, ತಲೆಯ ಕಡೆ ಕಡಮೆ. ಅದು ಹೆಚ್ಚಿರುವವರೆಗೆ ಜೀವಕೋಶ ಎಳೆಯದಾಗಿಯೇ ಉಳಿಯುತ್ತದೆ. ಒಂದು ಮಟ್ಟಕ್ಕಿಂತ ಇಳಿದಾಗ ಗಡಿಯಾರದ ಮುಂದಿನ ಪೆಟ್ಟಿಗೆ ಖಂಡವಾಗಲು ಸಿದ್ಧವಾಗುತ್ತದೆ. ಹುಟ್ಟಿದ ಖಂಡಗಳ ಕಡೆಯಿಂದ ಎ ಜೀವಸತ್ವದಿಂದ ತಯಾರಾಗುವ ರೆಟಿನೊಯಿಕ್ ಆಮ್ಲ ಹರಡುತ್ತ ಎಫ್.ಜಿ.ಎಫ್.ಗೆ ಎದುರಾಗಿ ಕೆಲಸಮಾಡುತ್ತದೆ. 2001ರಲ್ಲಿ ಪೂರ್ಕ್ಯೇ ಅವರ ತಂಡ ಎಫ್.ಜಿ.ಎಫ್.ನಲ್ಲಿ ನೆನೆಸಿದ ಪುಟ್ಟ ಮಣಿಯನ್ನು ಕೋಳಿಯ ಭ್ರೂಣದ ಪಟ್ಟಿಯ ಬಳಿ ಇಟ್ಟಾಗ ಖಂಡಗಳು ಚಿಕ್ಕವಾದವು. ಅದರ ಪ್ರಭಾವವನ್ನು ತಡೆದಾಗ ದೊಡ್ಡವಾದವು. ನಡಿಗೆಯ ವೇಗ ಬದಲಾದಂತೆ ಸಸಿಗಳ ಅಂತರ ಬದಲಾಯಿತು. ಕುಕ್ ಮತ್ತು ಜೀಮನ್ ಅವರ ಊಹೆಗೆ ಹೀಗೆ ಮೈ ಬಂದಿತು.

ಹಾವಿನ ಉದ್ದನೆಯ ಮೈಯ ರಹಸ್ಯವೂ ಇಲ್ಲಿಯೇ ಇದೆ. ಕಾರ್ನ್ ಸ್ನೇಕ್ ಎಂಬ ಅಮೆರಿಕದ ಹಾವಿನ ಭ್ರೂಣದಲ್ಲಿ 300ಕ್ಕೂ ಹೆಚ್ಚು ಜೋಡಿ ಖಂಡಗಳಿವೆ. ಅದರ ಬೆಳವಣಿಗೆಯ ಗತಿಗೆ ಹೋಲಿಸಿದರೆ ಗಡಿಯಾರ ಇತರ ಪ್ರಾಣಿಗಳದಕ್ಕಿಂತ ಹಲವು ಪಟ್ಟು ಬೇಗ ಬಡಿಯುತ್ತದೆ ಎಂದು 2008ರಲ್ಲಿ ತಿಳಿದುಬಂದಿತು. ನಡಿಗೆ ಅದೇ, ಡೋಲು ಚುರುಕು. ಆದ್ದರಿಂದ ಮಣಿಗಳು ಚಿಕ್ಕವು, ಸಂಖ್ಯೆ ಬಹಳ. ಯಾವ ಮಣಿ ಕತ್ತಿನದು, ಯಾವುದಕ್ಕೆ ಪಕ್ಕೆಲುಬು ಬೇಕು ಎಂಬುದನ್ನು ಮಾತ್ರ ಹಾಕ್ಸ್ ಎಂಬ ಬೇರೊಂದು ಗುಂಪಿನ ಜೀನುಗಳು ನಿರ್ಧರಿಸುತ್ತವೆ. ಜಿರಾಫೆಯ ಕತ್ತಿನಲ್ಲಿಯೂ ನಮ್ಮ ಕತ್ತಿನಲ್ಲಿಯೂ ಇರುವುದು ಏಳೇ ಮಣಿಗಳು.

ಮನುಷ್ಯನ ಗಡಿಯಾರ

ಮನುಷ್ಯ ಭ್ರೂಣದಲ್ಲಿ ಇದನ್ನು ನೇರವಾಗಿ ನೋಡುವಂತಿಲ್ಲ. ಆದರೆ ವಯಸ್ಕರ ಜೀವಕೋಶಗಳನ್ನೇ ಮತ್ತೆ ಎಳೆಯ ಸ್ಥಿತಿಗೆ ತಿರುಗಿಸುವ ವಿದ್ಯೆ ಈಗ ಕೈಗೆ ಬಂದಿದೆ. ಅಂತಹ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, 2020ರಲ್ಲಿ ಕೆಲವು ತಂಡಗಳು ಮಾನವ ಗಡಿಯಾರದ ಬಡಿತವನ್ನು ಅಳೆದವು. ಒಂದು ಬಡಿತಕ್ಕೆ ಸುಮಾರು 5 ಗಂಟೆ. ಮನುಷ್ಯನ ಹೆಸ್7 ಜೀನನ್ನು ಇಲಿಯ ಜೀವಕೋಶಕ್ಕೆ ಸೇರಿಸಿ ನೋಡಿದರೂ ಗಡಿಯಾರ ಇಲಿಯ ವೇಗದಲ್ಲಿಯೇ ನಡೆಯಿತು. ಅಂದರೆ ವೇಗವು ಜೀನಿನ ಬರಹದಲ್ಲಿಲ್ಲ. ಪ್ರೋಟೀನುಗಳು ಹುಟ್ಟಿ ಕರಗುವ ಆಯಾ ಜೀವಕೋಶದ ಒಳಗಿನ ಗತಿಯಲ್ಲಿದೆ. ಅದರ ನಂತರದ ವರ್ಷಗಳಲ್ಲಿ ತಟ್ಟೆಯಲ್ಲಿಯೇ ಸಾಲಾಗಿ ಕಾಯಖಂಡಗಳನ್ನು ಹುಟ್ಟಿಸುವುದೂ ಸಾಧ್ಯವಾಗಿದೆ.

ಈಗ ಆರಂಭದ ಪ್ರಶ್ನೆಗೆ ಹಿಂದಿರುಗೋಣ. ಮನುಷ್ಯನಲ್ಲಿ ಮೊದಲ ಕಾಯಖಂಡ ತೋರುವುದು ಗರ್ಭ ಕಟ್ಟಿದ ಸುಮಾರು 20ನೆಯ ದಿನ. ಐದನೆಯ ವಾರ ಮುಗಿಯುವುದರೊಳಗೆ ಈ ಎಣಿಕೆ ಮುಗಿದಿರುತ್ತದೆ. ಅಂದರೆ ಮುಟ್ಟು ತಪ್ಪಿ ವಾರವಾಗುವಾಗ ಆರಂಭವಾದ ಕೆಲಸ, ಇನ್ನೆರಡು ವಾರಗಳಲ್ಲಿ ಪೂರೈಸುತ್ತದೆ. ಎಷ್ಟೋ ಹೆಣ್ಣುಮಕ್ಕಳಿಗೆ ತಾನು ಬಸಿರಿ ಎಂಬುದೇ ಆಗ ಖಚಿತವಾಗಿರುವುದಿಲ್ಲ. ಹೊಟ್ಟೆ ಕಾಣಿಸಿ, ಮನೆಯವರು ಸಂಭ್ರಮಪಟ್ಟು, ಸೀಮಂತದ ದಿನ ನೋಡುವ ಹೊತ್ತಿಗೆ ಬೆನ್ನಿನ ಲೆಕ್ಕ ಮುಗಿದು ತಿಂಗಳುಗಳೇ ಕಳೆದಿರುತ್ತವೆ. ಆ ತಿಂಗಳುಗಳಲ್ಲಿ ಬಂದ ಗ್ರಹಣವಾಗಲಿ, ಹಿಡಿದ ಕತ್ತಿಯಾಗಲಿ, ಮುಗಿದುಹೋದ ಎಣಿಕೆಯನ್ನು ತಿದ್ದಲಾರದು. ಮೊದಲ ವಾರಗಳಲ್ಲಿ ಬಂದ ಗ್ರಹಣಕ್ಕೂ ಗಡಿಯಾರದ ಜೀನನ್ನು ಮುಟ್ಟುವ ದಾರಿಯಿಲ್ಲ.

ಹಾಗಾದರೆ ತಪ್ಪುವುದು ಏತರಿಂದ? ಹುಟ್ಟಿನಿಂದಲೇ ಕಶೇರುಮಣಿ ಅರ್ಧವಾಗಿಯೋ ಬೆಸೆದೋ ಇದ್ದು ಬೆನ್ನು ಓರೆಯಾಗುವುದು ಸುಮಾರು ಸಾವಿರ ಮಕ್ಕಳಲ್ಲಿ ಒಂದಕ್ಕೆ ಎಂದು ವೈದ್ಯರ ಅಂದಾಜು. ಹತ್ತು ಹನ್ನೆರಡರ ವಯಸ್ಸಿನ ಬಳಿಕ ಕಾಣಿಸಿಕೊಳ್ಳುವ ಓರೆ ಬೇರೆಯ ಬಗೆಯದು. ಹುಟ್ಟಿನಿಂದ ಬಂದವುಗಳಲ್ಲಿ ಕೆಲವು ಅಪರೂಪದ ಪ್ರಕರಣಗಳಲ್ಲಿ ಅನೇಕ ಮಣಿಗಳೂ ಪಕ್ಕೆಲುಬುಗಳೂ ಒಮ್ಮೆಲೇ ಕೆಟ್ಟಿರುತ್ತವೆ. ಅಂತಹ ಕುಟುಂಬಗಳನ್ನು ಪರೀಕ್ಷಿಸಿದಾಗ ಡೆಲ್ಟಾ ವರ್ಗದ ಒಂದು ಜೀನಿನಲ್ಲಿ, ಇನ್ನು ಕೆಲವರಲ್ಲಿ ಹೆಸ್7ನಲ್ಲಿಯೇ ದೋಷ ಕಂಡಿತು. ತಂದೆಯಿಂದ ಒಂದು, ತಾಯಿಯಿಂದ ಒಂದು ಹೀಗೆ ಎರಡು ಕೆಟ್ಟ ಪ್ರತಿಗಳು ಕೂಡಿದಾಗ ಇದು ತೋರುತ್ತದೆ. ಒಂದೇ ಪ್ರತಿ ಕೆಟ್ಟಿರುವ ತಂದೆತಾಯಿಗಳು ಆರೋಗ್ಯವಾಗಿಯೇ ಇರುತ್ತಾರೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಡುವ ಸಂಬಂಧಗಳಲ್ಲಿ ಅಡಗಿದ ಒಂದೇ ದೋಷ ಎರಡು ಕಡೆಯಿಂದಲೂ ಬಂದು ಸೇರುವ ಸಂಭವ ಹೆಚ್ಚು. ಮನೆತನದಲ್ಲಿ ಇಂತಹ ಮಗು ಹುಟ್ಟಿದ್ದರೆ ವೈದ್ಯರಲ್ಲಿ ಆನುವಂಶಿಕ ಸಲಹೆ ಪಡೆಯುವುದು ವಿವೇಕ.

ಉಳಿದ ಪ್ರಕರಣಗಳ ಮೇಲೆ 2012ರಲ್ಲಿ ಆಸ್ಟ್ರೇಲಿಯದ ಸ್ಯಾಲಿ ಡನ್‌ವುಡಿ ಅವರ ತಂಡ ಬೆಳಕು ಚೆಲ್ಲಿತು. ಬಸುರಿ ಇಲಿಗಳನ್ನು ಖಂಡಗಳು ಹುಟ್ಟುವ ಹೊತ್ತಿನಲ್ಲಿ ಕೆಲವು ಗಂಟೆಗಳ ಕಾಲ ಆಮ್ಲಜನಕ ಕಡಮೆಯಿರುವ ಗಾಳಿಯಲ್ಲಿ ಇಟ್ಟರು. ಗಡಿಯಾರದ ಜೀನಿನ ಒಂದು ಪ್ರತಿ ಮೊದಲೇ ಕೆಟ್ಟಿದ್ದ ಮರಿಗಳಲ್ಲಿ ಬೆನ್ನೆಲುಬಿನ ದೋಷ ಇತರ ಮರಿಗಳಿಗಿಂತ ಹೆಚ್ಚಾಗಿ ಕಂಡಿತು. ಸಂದೇಶದ ಸರಪಣಿಯಲ್ಲಿ ಒಂದು ಕೊಂಡಿ ದುರ್ಬಲವಾಗಿದ್ದು, ಅದೇ ಗಳಿಗೆಯಲ್ಲಿ ಹೊರಗಿನ ಏಟು ಬಿದ್ದರೆ ತಾಳ ತಪ್ಪುತ್ತದೆ ಎಂದಾಯಿತು.

ಎಚ್ಚರಿಕೆ ಬೇಡವೆಂದು ಇದರ ಅರ್ಥವಲ್ಲ. ಆದರೆ ಎಚ್ಚರಿಕೆಯ ಕಾಲ ಬಸಿರು ತಿಳಿಯುವುದಕ್ಕಿಂತ ಮೊದಲಿನದು. ಸಕ್ಕರೆ ಕಾಯಿಲೆ ಇದ್ದವರು ಗರ್ಭ ಧರಿಸುವ ಮೊದಲೇ ಅದನ್ನು ಹತೋಟಿಗೆ ತರಬೇಕು; ಹತೋಟಿ ತಪ್ಪಿದ ಸಕ್ಕರೆ ಬೆನ್ನೆಲುಬಿನ ಕೆಳಭಾಗದ ದೋಷಗಳಿಗೆ ಒಂದು ಕಾರಣ. ಮೊಡವೆಗೆ ಕೊಡುವ ಐಸೊಟ್ರೆಟಿನೊಯಿನ್ ಎಂಬ ಗುಳಿಗೆ ರೆಟಿನೊಯಿಕ್ ಆಮ್ಲದ ಬಳಗದ್ದು; ಬಸಿರಾಗುವ ಸಾಧ್ಯತೆಯಿರುವವರು ಅದನ್ನು ಸೇವಿಸಲೇಬಾರದು. ಬೆನ್ನುಹುರಿಯ ನಳಿಕೆ ಮುಚ್ಚಿಕೊಳ್ಳುವುದೂ ಈ ವಾರಗಳಲ್ಲಿಯೇ. ಅದಕ್ಕಾಗಿ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲವನ್ನು ಮಗು ಬೇಕೆಂದುಕೊಂಡಾಗಲೇ ಆರಂಭಿಸುವುದು ಒಳ್ಳೆಯದು. ಇವು ಅಪಾಯವನ್ನು ತಗ್ಗಿಸುವ ಉಪಾಯಗಳು. ಇವೆಲ್ಲವನ್ನೂ ಪಾಲಿಸಿದ ತಾಯಿಯ ಮಗುವಿಗೂ ಒಮ್ಮೊಮ್ಮೆ ತಾಳ ತಪ್ಪೀತು. ಆಗ ಅವಳನ್ನು ಕಟಕಟೆಗೆ ಏರಿಸುವ ಹಕ್ಕು ಯಾರಿಗೂ ಇಲ್ಲ.

ಮುಂದಿನ ಎಣ್ಣೆನೀರಿನ ದಿನ ಮಗುವಿನ ಬೆನ್ನ ಮೇಲೆ ಕೈಯಾಡಿಸುವಾಗ, ಈ ಗಂಟುಗಳು ಒಂದೊಂದೂ ಐದೈದು ಗಂಟೆಯ ತಾಳಕ್ಕೆ ಮೂಡಿದವು ಎಂಬುದನ್ನು ನೆನೆಯೋಣ. ನೆರೆಯ ಜೀವಕೋಶಗಳು ಒಂದರ ಮಾತನ್ನು ಒಂದು ಕೇಳಿಸಿಕೊಂಡದ್ದರಿಂದ ಅವು ಸಮವಾದವು. ಎಲ್ಲಿಯಾದರೂ ಬೆರಳು ತಡೆದು ನಿಂತರೆ ತಾಯಿಯ ಮುಖ ನೋಡುವುದನ್ನು ಬಿಟ್ಟು, ಮಗುವನ್ನು ಎತ್ತಿಕೊಂಡು ಮೂಳೆವೈದ್ಯರ ಬಳಿಗೆ ಹೋಗೋಣ. ಬೇಗ ಕಂಡುಹಿಡಿದರೆ ಬೆಳೆಯುವ ಬೆನ್ನನ್ನು ವರ್ಷವರ್ಷವೂ ಗಮನಿಸುತ್ತ, ಬೇಕಾದವರಿಗೆ ಸಕಾಲದಲ್ಲಿ ಶಸ್ತ್ರಚಿಕಿತ್ಸೆ ಮಾಡುವುದಕ್ಕೆ ಅವಕಾಶವಿದೆ.